ನಿಂಬೆಹಣ್ಣಿನ ಮೇಲೆ ನಿಂತ ಟೈರು

ನನ್ನ ಹೆಂಡತಿ ಶಾಮಲಾ ಆಟೋಮ್ಯಾಟಿಕ್ ಕಾರು ತಗೊಂಡಿದ್ದಕ್ಕೆ ನನಗೆ ಬೇಸರವಿಲ್ಲ. ಕೀಲಿಯನ್ನು ನನ್ನ ಮೂಗಿನ ಮುಂದೆ ಆಡಿಸುತ್ತಾ, "ರೀ, ಇನ್ನು ಎಡಗಾಲಿಗೆ ರಜೆ" ಅಂದಳಲ್ಲ, ಅದು ಚುಚ್ಚಿತು.

"ಗೇರು ಹಾಕದೆ ಓಡಿಸೋದು ಡ್ರೈವಿಂಗ್ ಅಲ್ಲ ಕಣೇ. ಸುಮ್ನೆ ಕೂತ್ಕೊಂಡು ಹೋಗೋದು," ಅಂದೆ.

"ಹಾಗಾದ್ರೆ ಪಂದ್ಯಕ್ಕೆ ಬನ್ನಿ. ನಾನು ಗೆದ್ರೆ ಅಂಗಡಿ ಕುರ್ಚಿ ನಂದು."

ದೊಡ್ಡಬಳ್ಳಾಪುರದಲ್ಲಿ ನಮ್ಮದು ಟೈರಂಗಡಿ. ಬಾಶೆಟ್ಟಿಹಳ್ಳಿ ಫ್ಯಾಕ್ಟರಿಗಳ ಶಿಫ್ಟಿಗೆ ಓಡುವ ಬೈಕಿನಿಂದ ಟ್ರ್ಯಾಕ್ಟರಿನವರೆಗೆ ಎಲ್ಲಕ್ಕೂ ಟೈರು ಹಾಕುತ್ತೇವೆ. ನಮ್ಮಪ್ಪನ ಕಾಲದ ಆ ಕುರ್ಚಿ ತಿರುಗುತ್ತದೆ (ಒಂದೇ ಕಡೆಗೆ). ಅದರ ಮೇಲೆ ಕೂತವರು ಹೇಳಿದ್ದೇ ವೇದ. ಮನೆಯಲ್ಲಿ ನನ್ನ ಮಾತು ಯಾರೂ ಕೇಳುವುದಿಲ್ಲವಾದ್ದರಿಂದ, ಆ ಕುರ್ಚಿಯೂ ಹೋದರೆ ನಾನು ರಾಜ್ಯಭ್ರಷ್ಟ!

ನನ್ನ ಬಾಮೈದ ಅಂಬರೀಶನಿಗೆ ಇಂಥದ್ದೇ ಬೇಕಿತ್ತು. ದೇವನಹಳ್ಳಿ ಕಡೆ ಸೈಟು ಮಾರಾಟವಾಗದೆ ಬಿದ್ದಿದ್ದ ಒಂದು ಲೇಔಟಿನ ಮಾಲೀಕರನ್ನು ಒಪ್ಪಿಸಿ, ಅದರ ನೆಟ್ಟಗಿನ ಖಾಲಿ ರಸ್ತೆಯನ್ನೇ ರಣರಂಗ ಮಾಡಿದ. ಇಂಥ ನೇರ ರಸ್ತೆಯ ಓಟಕ್ಕೇ ಮಾಡಿದ ಡ್ರ್ಯಾಗ್ ರೇಸಿನ ಟೈರುಗಳನ್ನೂ ಅವನೇ ತರಿಸಿದ.

ಏನು ಟೈರು ಅಂತೀರಿ! ಹುಟ್ಟಿದಾಗಿನಿಂದ ರಬ್ಬರಿನ ವಾಸನೆ ಕುಡಿದವನು ನಾನು. ಆದರೂ ಇಂಥದ್ದನ್ನು ಮುಟ್ಟಿರಲಿಲ್ಲ. ಹಲಸಿನ ತೊಳೆಯ ಹಾಗೆ ಮೆತ್ತಗೆ, ಹಲಸಿನ ಮೇಣದ ಹಾಗೆ ಅಂಟು. ಉಗುರು ಒತ್ತಿದರೆ ಗುರುತು ಉಳಿಯಿತು. ಗೊತ್ತಿಲ್ಲದೆಯೇ ಕಣ್ಣಿಗೊತ್ತಿಕೊಂಡೆ.

"ನಂಗೆ ಯಾವ್ದು? ಹಳೇ ಸ್ಟಾಕ್ ಕಟ್ಟಿದ್ರೆ ಸುಮ್ನಿರಲ್ಲ," ಅಂದಳು ಶಾಮಲಾ.

ವ್ಯಾಪಾರಿ ನಾನು, ಮೋಸಗಾರನಲ್ಲ. ಬಿಡಿಸಿ ಹೇಳಿದೆ: "ನಂದು ಗೇರು ಕಾರು. ಕ್ಲಚ್ ಬಿಟ್ಟ ತಕ್ಷಣ ಟೈರಿಗೆ ಧಡ್ ಅಂತ ಏಟು. ಅದನ್ನ ನುಂಗ್ಕೊಳ್ಳೋಕೆ ಪಕ್ಕೆ ಮೆತ್ತಗಿರೋ ನೈಲಾನ್ ಟೈರೇ ಬೇಕು, ಸುಕ್ಕಾಗಿ ತಡ್ಕೊಳ್ಳುತ್ತೆ. ನಿಂದು ಮೆಲ್ಲಗೆ ತಳ್ಳೋ ಕಾರು. ಪಕ್ಕೆ ಗಟ್ಟಿಯಿರೋ ರೇಡಿಯಲ್ ಸಾಕು."

"ಅಂದ್ರೆ ಧಡ್ ಅಂತ ಮಾತಾಡೋರ ಜೊತೆ ಮೆತ್ತಗಿರೋರು ಬಾಳ್ಬೇಕು. ನಮ್ಮನೆ ಥರಾನೇ," ಅಂದಳು. (ನೈಲಾನ್ ಟೈರು ಯಾರು ಅಂತ ನಾನು ಕೇಳಲಿಲ್ಲ.)

ಭಾನುವಾರ ಬೆಳಿಗ್ಗೆ ಎರಡೂ ಕಾರು ಗೆರೆಯ ಮೇಲೆ ನಿಂತವು. ನಮ್ಮ ಅಂಗಡಿಯ ಒಂದು ಪದ್ಧತಿ ಇದೆ: ಹೊಸ ಟೈರು ಹಾಕಿದರೆ ನಿಂಬೆಹಣ್ಣು ತುಳಿಸದೆ ಹೊರಗೆ ಬಿಡುವುದಿಲ್ಲ. ಗಾಳಿ ನೋಡುವ ನೆಪದಲ್ಲಿ ಇಳಿದು, ಜೇಬಿನಿಂದ ನಿಂಬೆಹಣ್ಣು ತೆಗೆದು ನನ್ನ ಮುಂದಿನ ಚಕ್ರಗಳ ಕೆಳಗೆ ಸಿಕ್ಕಿಸಿದೆ. ಶಾಮಲಾಳ ಕಾರಿಗೆ? ಇಡಲಿಲ್ಲ. ಟೈರಿನಲ್ಲಿ ನ್ಯಾಯ ಮಾಡಿದ್ದೆ, ದೇವರನ್ನೂ ಹಂಚಿಕೊಳ್ಳಬೇಕೇ?

ಅಂಬರೀಶ ಬಾವುಟ ಬೀಸಿದ. ಕ್ಲಚ್ ಬಿಟ್ಟೆ. ಪಚಕ್!

ಎಂಜಿನ್ ಗರ್ಜಿಸಿತು, ಚಕ್ರಗಳು ಗಿರ್ರನೆ ತಿರುಗಿದವು, ಕಾರು ಮಾತ್ರ ನಿಂತಲ್ಲೇ ನಡುಗಿತು. ಆ ಅಂಟೆಲ್ಲ ನಿಂಬೆಯ ಸಿಪ್ಪೆ, ರಸ, ಬೀಜವನ್ನು ಮೆತ್ತಿಕೊಂಡು ಜಾರುಬಂಡೆಯಾಗಿತ್ತು. ಮೂಗಿಗೆ ಸುಟ್ಟ ಉಪ್ಪಿನಕಾಯಿಯ ಘಮ.

ಪಕ್ಕದಲ್ಲಿ ಶಾಮಲಾಳ ಟೈರು ನೆಲವನ್ನು ಕಚ್ಚಿತು. ಒಂದು ಕೀರಲು ಸದ್ದಿಲ್ಲ, ಒಂದು ಹೊಗೆಯಿಲ್ಲ. ನೆಲವೇ ಅವಳನ್ನು ಎತ್ತಿ ಎಸೆದಂತೆ ಕಾರು ಹೋಯಿತು. ನನ್ನ ಜನ್ಮದಲ್ಲಿ ಕಾರೊಂದು ಅಷ್ಟು ಚೆಂದವಾಗಿ ಹೊರಟಿದ್ದನ್ನು ನೋಡಿಲ್ಲ. ಸೋಲುತ್ತಿದ್ದೇನೆ ಅನ್ನುವುದೇ ಮರೆತು, ಸ್ಟೀರಿಂಗ್ ಬಿಟ್ಟು ಕೈ ಮುಗಿದೆ. ಎಂಥ ಟೈರು! ಆರಿಸಿದವನು ಎಂಥ ಜಾಣ!

"ಭಾವ, ಹೋಗಿ! ಹೋಗಿ ಭಾವ!" ಅಂಬರೀಶ ಅರಚುತ್ತಿದ್ದ. ನಾನು ಹೊರಡುವಷ್ಟರಲ್ಲಿ ಅವಳು ಆ ತುದಿ ಮುಟ್ಟಿ ತಿರುಗಿಸಿಕೊಂಡು ಬರುತ್ತಿದ್ದಳು.

ಇಳಿದವಳೇ ಬಗ್ಗಿ, ನನ್ನ ಟೈರಿಗಂಟಿದ್ದ ಸಿಪ್ಪೆಯನ್ನು ಎರಡು ಬೆರಳಲ್ಲಿ ಕಿತ್ತು ನೋಡಿದಳು. ಆಮೇಲೆ ತನ್ನ ಟೈರಿನ ಕೆಳಗೆ ನೋಡಿದಳು.

"ನಂಗ್ಯಾಕೆ ಇಡ್ಲಿಲ್ಲ?"

ನಾನು ಮತ್ತೆ ಗಾಳಿ ನೋಡುವ ನೆಪದಲ್ಲಿ ಬಗ್ಗಿದೆ.

"ಪಾಪ, ನಾನು ಗೆಲ್ಲಲಿ ಅಂತ ತಾನೇ?" ಅಂದಳು. ನಕ್ಕಿದ್ದರೂ ತಡೆದುಕೊಳ್ಳಬಹುದಿತ್ತು.

ಈಗ ಕುರ್ಚಿಯ ಮೇಲೆ ಶಾಮಲಾ ಕೂತಿದ್ದಾಳೆ. ಎಣ್ಣೆ ಬಿಡಿಸಿದ ಮೇಲೆ ಅದು ಎರಡೂ ಕಡೆ ತಿರುಗುತ್ತಿದೆ. ಗಿರಾಕಿಗಳು ಹೊಸ ಟೈರಿಗೆ ಪೂಜೆ ಕೇಳಿದರೆ ಅಲ್ಲಿಂದಲೇ ಕೂಗುತ್ತಾಳೆ: "ರೀ, ನಿಂಬೆಹಣ್ಣು!"

ನಾನು ಬಗ್ಗಿ ಇಡುತ್ತೇನೆ. ಈ ವಿದ್ಯೆಯಲ್ಲಿ ನನ್ನಷ್ಟು ಅನುಭವ ತಾಲ್ಲೂಕಿನಲ್ಲೇ ಯಾರಿಗೂ ಇಲ್ಲವಂತೆ. ಗಿರಾಕಿಗಳಿಗೆಲ್ಲ ಅವಳೇ ಹೇಳುತ್ತಾಳೆ.