ಅಕ್ಕನ ಬಚ್ಚಲಿಗೆ ಬಿಸಿನೀರಿನ ನಳ

ಬಳ್ಳಾರಿಯ ಬಿಸಿಲಿನಲ್ಲಿ ಬೆಂದೂ "ನೀರು ಇನ್ನೂ ಕಾದಿಲ್ಲ" ಎಂದು ಗೊಣಗಿದವರು ಯಾರಾದರೂ ಇದ್ದರೆ ಅದು ನಮ್ಮಕ್ಕ ಒಬ್ಬಳೇ!

ನಮ್ಮೂರ ಬೇಸಿಗೆ ಕಂಡವರಿಗೆ ಈ ಮಾತಿನ ತೂಕ ತಿಳಿದೀತು. ಏಪ್ರಿಲ್ ಬಂತೆಂದರೆ ಮಾಳಿಗೆ ಮೇಲಿನ ಟಾಕಿಯ ನೀರು ತಾನಾಗಿಯೇ ಕುದಿಯಲು ಹವಣಿಸುತ್ತದೆ. ಮಧ್ಯಾಹ್ನ ಉಂಡು ಕೈ ತೊಳೆಯಲು ಹೋದವರು ನಳ ತಿರುವಿ, ಹಾರಿ ಹಿಂದೆ ಬೀಳುತ್ತಾರೆ. ಇಂಥ ಊರಿನಲ್ಲಿ ಬೇರೆ ಬಿಸಿನೀರು ಯಾರಿಗೆ ಬೇಕು ಹೇಳಿ? ನಮ್ಮಕ್ಕನಿಗೆ ಬೇಕು! ಮೇ ತಿಂಗಳಿನಲ್ಲೂ ಆಕೆ ಬೆಳಿಗ್ಗೆ ಐದಕ್ಕೆ ಎದ್ದು, ತಾಮ್ರದ ಬಾಯ್ಲರಿನ ಹೊಟ್ಟೆಗೆ ಜಾಲಿ ಕಟ್ಟಿಗೆ ತುರುಕಿ ಬೆಂಕಿ ಹಚ್ಚುವವಳೇ.

"ಅಕ್ಕಾ, ನಳದಾಗ ಬರೋದೂ ಬಿಸಿನೀರ ಅಲ್ಲೇನು?"

"ಅದು ಬಿಸಿಲಿನ ನೀರಲೇ. ಬಿಸಿನೀರು ಬ್ಯಾರೆ, ಬಿಸಿಲಿನ ನೀರು ಬ್ಯಾರೆ. ಇಷ್ಟೂ ತಿಳಿಯಂಗಿಲ್ಲ, ಊರ ಮಂದಿಗೆಲ್ಲ ನಳ ಹಾಕಾಕ ಹೊಕ್ಕಿ!"

ಹೌದು, ನನ್ನ ಕಸುಬೇ ಅದು. ಐದನೆಯ ತರಗತಿಗೆ ಶಾಲೆ ಬಿಟ್ಟು ಪೈಪು ಹಿಡಿದವನು ನಾನು. ಅಪ್ಪ ಅವ್ವ ಒಂದೇ ವರ್ಷದಲ್ಲಿ ಹೋದರು. ಕುರುಗೋಡಿಗೆ ಕೊಟ್ಟಿದ್ದ ಅಕ್ಕ ಮಕ್ಕಳಾಗುವ ಮೊದಲೇ ಗಂಡನನ್ನು ಕಳೆದುಕೊಂಡು, ಒಂದು ಟ್ರಂಕು ಮತ್ತು ಈ ಬಾಯ್ಲರು ಹೊತ್ತು ನನ್ನ ಹತ್ತಿರ ಬಂದಳು. ಅವಳು ಮಂದಿಯ ಮನೆಯ ಬಾಣಂತನ ಮಾಡಿ ನನ್ನನ್ನು ಸಾಕಿದಳು. ನಾನು ಯಾರ ಮುಂದೆಯೂ ಕೈ ಒಡ್ಡದೆ ಮೇಸ್ತ್ರಿಯಾದೆ. ಕೌಲ್ ಬಜಾರಿನಲ್ಲಿ ಮನೆ ಕಟ್ಟಿದೆ, ಮದುವೆಯಾದೆ, ಮಗಳನ್ನು ಸಿರುಗುಪ್ಪಕ್ಕೆ ಕೊಟ್ಟೆ. ನಡುವೆ ಅಕ್ಕನಿಗೆ ಇನ್ನೊಂದು ಮದುವೆ ಮಾಡಬಹುದಿತ್ತಲ್ಲ ಎಂಬ ಯೋಚನೆ ನನಗೆ ಬಂದದ್ದು ಅವಳ ತಲೆಯೆಲ್ಲ ಬೆಳ್ಳಗಾದ ಮೇಲೆ. ಅದಿರಲಿ. ನಗಿಸುತ್ತೇನೆಂದು ಕೂತವನು ಎಲ್ಲಿಗೋ ಹೋದೆ.

ಒಮ್ಮೆ ಕುರುಗೋಡಿನಿಂದ ಅಕ್ಕನ ಮೈದುನ ಬಂದಿದ್ದರು. ಭಾರಿ ಆಳು. ಸ್ನಾನಕ್ಕೆ ಒಳಗೆ ಹೋದವರು ಒಂದೇ ಚೆಂಬು ಸುರಿದುಕೊಂಡು, ಟವೆಲು ಸುತ್ತಿಕೊಂಡು ಅಂಗಳಕ್ಕೆ ಓಡಿಬಂದರು.

"ವೈನೀ, ಅದು ನೀರಲ್ರಿ, ಬೆಂಕಿ!"

"ಒಂದ ಚೆಂಬಿಗೆ ಹಿಂಗ ಕುಣಿದ್ರ ಹೆಂಗ? ಎರಡನೇದು ಹಾಕ್ಕೋರಿ, ಹಗರ ಆಗತೈತಿ."

ಅವರು ಆಮೇಲೆ ನಮ್ಮ ಮನೆಗೆ ಎಷ್ಟೋ ಸಲ ಬಂದರು. ಪ್ರತಿ ಸಲವೂ "ಜಳಕ ಮಾಡೇ ಬಂದೀನಿ" ಎಂದು ಬಾಗಿಲಲ್ಲೇ ಹೇಳಿ ಒಳಗೆ ಕಾಲಿಡುತ್ತಿದ್ದರು!

ನೀರು ಕಾದಿದೆಯೋ ಇಲ್ಲವೋ ಎಂದು ಎಲ್ಲರೂ ಕೈಯದ್ದಿ ನೋಡುತ್ತಾರೆ. ನಮ್ಮಕ್ಕ ಕಿವಿಯಿಂದ ನೋಡುತ್ತಿದ್ದಳು. ಬಾಯ್ಲರಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ತಲೆ ವಾರೆ ಮಾಡಿ, ಡಾಕ್ಟರು ಎದೆ ಬಡಿತ ಕೇಳುವ ಹಾಗೆ ಕೇಳುವಳು. ಗುಯ್ಯೆಂದರೆ ಇಷ್ಟು, ಗೊಳಗೊಳ ಎಂದರೆ ಅಷ್ಟು. ನಾವು ಹಿಂದೆ ನಿಂತು ಬಾಯಿ ಮುಚ್ಚಿಕೊಂಡು ನಗುತ್ತಿದ್ದೆವು. "ಏನಂತೈತ್ರಿ ಅಕ್ಕಾರ ಬಾಯ್ಲರು?" ಎಂದು ನನ್ನ ಹೆಂಡತಿ ಕೇಳಿದರೆ, "ನಿನ್ನ ಗಂಡಗ ಬುದ್ಧಿ ಹೇಳು ಅಂತೈತಿ" ಎನ್ನುವಳು.

ಬಾಣಂತಿಗೆ, ಕೂಸಿಗೆ ನೀರು ಹಾಕುವುದರಲ್ಲಿ ಅಕ್ಕನನ್ನು ಮೀರಿಸುವವರು ಇರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು, ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡರೆ ಎಂಥ ಅಳುವ ಕೂಸೂ ಎಣ್ಣೆ ಮುಗಿಯುವುದರೊಳಗೆ ನಿದ್ದೆ ಹೋಗಬೇಕು. ಸಿರುಗುಪ್ಪದಿಂದ, ಸಿರಿಗೇರಿಯಿಂದ ಬಸ್ಸಿಗೆ ಬಂದು ಕರೆಯುತ್ತಿದ್ದರು. ಹಚ್ಚೊಳ್ಳಿಯ ಗೌಡರೊಬ್ಬರು ಟ್ರ್ಯಾಕ್ಟರೇ ಕಳಿಸಿದ್ದರು. ಭತ್ತದ ಮೂಟೆಗಳ ನಡುವೆ ನಮ್ಮಕ್ಕ ಮಹಾರಾಣಿಯಂತೆ ಕೂತು ಹೋದಳು.

ಆದರೆ ಕೊನೆಯ ಕೆಲವು ವರ್ಷಗಳಲ್ಲಿ ಅವಳದೊಂದು ಹೊಸ ನಿಯಮ ಶುರುವಾಗಿತ್ತು. ನೀರು ಬೆರೆಸಿದ ಮೇಲೆ ಕೂಸಿನ ಮನೆಯವರೇ ಒಬ್ಬರು ಬಂದು ಮೊದಲು ಬಕೀಟಿಗೆ ಕೈ ಅದ್ದಬೇಕು. ಅದ್ದದಿದ್ದರೆ ನೀರು ಹಾಕುವುದಿಲ್ಲ!

"ಇದ್ಯಾವ ಪದ್ಧತಿ?" ಎಂದು ಸಿರುಗುಪ್ಪದವರು ಕೇಳಿದರೆ, "ಕುರುಗೋಡು ಕಡೆ ಹಿಂಗ" ಎನ್ನುವಳು. ಕುರುಗೋಡಿನವರು ಕೇಳಿದರೆ, "ಸಿರುಗುಪ್ಪದಾಗ ಎಲ್ಲಾರೂ ಮಾಡ್ತಾರ, ನಿಮಗ ಗೊತ್ತಿಲ್ಲೇನು?"

ಹಚ್ಚೊಳ್ಳಿಯಲ್ಲಿ ಹೆಂಗಸರೆಲ್ಲ ಬಾಣಂತಿಯ ಕೋಣೆಯಲ್ಲಿದ್ದರಂತೆ. ಪಡಸಾಲೆಯಲ್ಲಿ ಕೂತಿದ್ದ ಗೌಡರನ್ನೇ ಎಬ್ಬಿಸಿದಳು. ಮೀಸೆ ಹುರಿ ಮಾಡಿಕೊಂಡು ಬಂದ ಗೌಡರು ಮುಂಗೈವರೆಗೂ ಕೈ ಅದ್ದಿ "ಅಯ್ಯಯ್ಯೋ!" ಎಂದು ಊರಿಗೆಲ್ಲ ಕೇಳುವಂತೆ ಕೂಗಿದರು. ಅಕ್ಕ ಅವರ ಕೈಯನ್ನು ತಿರುಗಿಸಿ ಮುರುಗಿಸಿ ನೋಡಿ ಹೇಳಿದಳು: "ಗೌಡ್ರ ಕೈ ಕೆಂಪಾತು. ಎರಡು ಕೊಡ ತಣ್ಣೀರು ತರ್ರಿ."

ಈ ಕಥೆಯನ್ನು ನಾನು ಎಷ್ಟು ಕಡೆ ಹೇಳಿ ನಗಿಸಿದ್ದೇನೋ, ಲೆಕ್ಕವಿಲ್ಲ.

ಮಗಳು ಚೊಚ್ಚಲ ಬಸುರಿಯಾಗಿ ಏಳನೆಯ ತಿಂಗಳಲ್ಲಿ ನಮ್ಮ ಮನೆಗೆ ಬಂದಾಗ ಬಿಸಿನೀರಿನ ನಳದ ಮಾತು ಎದ್ದಿತು. ಅವಳ ಗಂಡನ ಮನೆಯಲ್ಲಿ ಗೀಜರು ಹಾಕಿಸಿದ್ದರು. "ಅಪ್ಪಾ, ಗ್ವಾಡಿಯಾಗಿಂದ ಸುಡುಸುಡು ನೀರು ಬರತೈತಿ. ಹೊಗಿ ಇಲ್ಲ, ಬೂದಿ ಇಲ್ಲ" ಎಂದಳು. ಹೆಂಡತಿಗೆ ಅಷ್ಟೇ ಸಾಕಾಯಿತು. "ನೋಡ್ರಿ, ಬಳ್ಳಾರಿ ಅರ್ಧ ಊರಿಗೆ ಬಿಸಿನೀರು ಕೊಟ್ಟೀರಿ. ನಮ್ಮ ಬಚ್ಚಲದಾಗ ನಾವು ಇನ್ನೂ ಕಣ್ಣು ಒರಸಿಕೋತ ಕುಂತೀವಿ."

ಮಾತು ನನಗೆ ನಾಟಿತು. ಎಷ್ಟು ಬಂಗಲೆಗಳಿಗೆ ನಾನು ಗೀಜರು ಕೂರಿಸಿಲ್ಲ! ಹಾಕುವುದೇ ಸರಿ ಎಂದೆ. ಅಕ್ಕ ಒಪ್ಪಲಿಲ್ಲ. ಒಂದೊಂದು ದಿನಕ್ಕೆ ಒಂದೊಂದು ತಕರಾರು. ಕರೆಂಟು ಹೋದರೆ? ಗೋಡೆಯೊಳಗೆ ಹಲ್ಲಿ ಬಿದ್ದರೆ? ಬಾಣಂತಿಗೆ ಜಾಲಿ ಕಟ್ಟಿಗೆಯ ನೀರೇ ಆಗಬೇಕು, ಕರೆಂಟಿನ ನೀರಿಗೆ ಸೊಂಟ ಗಟ್ಟಿಯಾಗುವುದಿಲ್ಲ!

"ಅಕ್ಕಾ, ನೀರಿಗೇನು ಗೊತ್ತು, ತನ್ನ ಯಾರು ಕಾಸಿದ್ರು ಅಂತ?"

"ನೀರಿಗೆ ಗೊತ್ತಿಲ್ಲಲೇ, ನನಗ ಗೊತ್ತಾಗಬೇಕಲ್ಲ. ಅದು ಸಪ್ಪಳಿಲ್ಲದ ಬರತೈತಿ."

ಈ ಮಾತನ್ನು ನಾನು ಅಂದು ಸರಿಯಾಗಿ ಕೇಳಿಸಿಕೊಂಡಿದ್ದರೆ! ಅವಳಿಗೆ ತನ್ನ ಯಜಮಾನಿಕೆ ಹೋಗುವ ಭಯ ಎಂದುಕೊಂಡು ನಕ್ಕೆ.

ಕೊನೆಗೆ ಅಕ್ಕ ದೇವರನ್ನು ಕೇಳೋಣ ಎಂದಳು. ಕುರುಗೋಡಿನ ಹೊರಗೆ ಅವಳ ಗಂಡನ ಮನೆಯವರ ದೇವರ ಸಣ್ಣ ಗುಡಿಯಿದೆ. ಮೂರ್ತಿಯ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸಿ, ಮನಸ್ಸಿನಲ್ಲಿರುವುದನ್ನು ಕೇಳಿಕೊಂಡು ಕೂರಬೇಕು. ಬಲದ ಹೂ ಮೊದಲು ಬಿದ್ದರೆ ಹ್ಞೂಂ, ಎಡದ್ದು ಬಿದ್ದರೆ ಊಹೂಂ. ಮದುವೆಗೆ, ಬಾವಿಗೆ, ಹೊಲಕ್ಕೆ ಹೂ ಕೇಳಿದವರುಂಟು. ಗೀಜರಿಗೆ ಕೇಳಿದವರು ನಾವೇ ಮೊದಲಿರಬೇಕು!

ಅರ್ಧ ಗಂಟೆ ಕೂತೆವು. ಬಲದ ಹೂ ಟಪ್ಪೆಂದು ಬಿತ್ತು. ನಾನು ಎದ್ದು ಕೈಮುಗಿದೆ. ಅಕ್ಕ ಕೂತೇ ಇದ್ದಳು.

"ಪೂಜಾರಪ್ಪಾ, ಇದು ದೇವರ ಬಲವೋ, ನಮ್ಮ ಬಲವೋ? ದೇವರು ನಮ್ಮ ಕಡೆ ಮಕ ಮಾಡಿ ಕುಂತಾನಲ್ಲ?"

ಮೂವತ್ತು ವರ್ಷ ಹೂ ಕೊಡಿಸಿದ ಪೂಜಾರಿಗೆ ಆವತ್ತು ಮೊದಲ ಬಾರಿ ಗೊಂದಲವಾಯಿತು. ಮೂರ್ತಿಯನ್ನೂ ತನ್ನ ಎರಡೂ ಕೈಗಳನ್ನೂ ಬದಲಿಸಿ ಬದಲಿಸಿ ನೋಡಿಕೊಂಡ. "ಯವ್ವಾ, ದೇವರಿಗೇ ನಾವು ತಣ್ಣೀರು ಹಾಕ್ತೀವಿ. ಬಿಸಿನೀರಿನ ವಿಚಾರ ಅವನಿಗೇನು ಕೇಳ್ತೀ?" ಎಂದು ಎದ್ದು ಹೋದ.

ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕ ಕಿಟಕಿಯಾಚೆ ನೋಡುತ್ತ ಒಂದು ಕೈಯನ್ನು ಇನ್ನೊಂದರಿಂದ ತಿಕ್ಕುತ್ತಲೇ ಇದ್ದಳು. ಸಿಟ್ಟು ಎಂದುಕೊಂಡೆ.

ಮುಂದಿನ ವಾರ ಗೀಜರು ಕೂರಿಸಿದೆ. ಬಚ್ಚಲ ಗೋಡೆ ಕೊರೆದು ಪೈಪು ಎಳೆದು, ಫಳಫಳ ಹೊಳೆಯುವ ನಳ ಹಾಕಿದೆ. ನನ್ನ ಮನೆಯ ಕೆಲಸ, ನನ್ನ ಕೈಕೆಲಸ. ಬೀಗುತ್ತ ಎಲ್ಲರನ್ನೂ ಕರೆದೆ. ಪಕ್ಕದ ಮನೆಯವರೂ ಬಂದರು. "ಅಕ್ಕಾ, ಮೊದಲ ನೀರು ನೀನ ಹಿಡಿ" ಎಂದು ನಳ ತಿರುವಿದೆ.

ಹಬೆ ಎದ್ದಿತು. ಅಕ್ಕ ಅಂಗೈ ಒಡ್ಡಿದಳು. ನೀರು ಬೀಳುತ್ತಲೇ ಇತ್ತು. ಅವಳು ಕೈ ತೆಗೆಯಲಿಲ್ಲ, ನೀರನ್ನೂ ನೋಡಲಿಲ್ಲ. ನನ್ನ ಮುಖ ನೋಡುತ್ತಿದ್ದಳು. ಏನು ಹೇಳಬೇಕೆಂದು ನನ್ನ ಮುಖದಲ್ಲಿ ಹುಡುಕುತ್ತಿದ್ದಳು. ನಾನು ನಗುತ್ತಿದ್ದೆನಲ್ಲ, ಅವಳೂ ನಕ್ಕಳು.

"ಬೆಚ್ಚಗ ಐತಿ ಬಿಡು. ಭಾಳೇನು ಕಾದಿಲ್ಲ."

ಪಕ್ಕದ ಮನೆಯವರು ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ನಗುತ್ತಿದ್ದಂತೆಯೇ ಅವಳ ಅಂಗೈ ಕೆಂಪಾಗಿ, ಬೆರಳ ಬುಡದಲ್ಲಿ ಚರ್ಮ ಉಬ್ಬಿ ಏಳುವುದು ಕಂಡಿತು. ಎಳೆದುಬಿಟ್ಟೆ. "ಯಾಕಲೇ, ಏನಾತು?" ಎಂದಳು ಅಕ್ಕ. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಡಾಕ್ಟರು ಸಕ್ಕರೆ ಕಾಯಿಲೆ ಎಂದರು. ಬಹಳ ಕಾಲದಿಂದ ಇರಬೇಕು, ಕೈಕಾಲಿನ ಅರಿವು ಹೋಗಿದೆ, ಇನ್ನು ಬರುವುದು ಕಷ್ಟ ಎಂದರು. ಆಸ್ಪತ್ರೆಯ ಬೆಂಚಿನ ಮೇಲೆ ಕೈಗೆ ಪಟ್ಟಿ ಸುತ್ತಿಕೊಂಡು ಕೂತ ಅಕ್ಕನನ್ನು, ಎಷ್ಟು ದಿನದಿಂದ ಹೀಗೆ ಎಂದು ಕೇಳಿದೆ.

"ನಾಕೈದು ವರ್ಷ ಆಗಿರಬೇಕು. ಮೊದಲು ಕಾಲು ಹೋತು. ಆಮ್ಯಾಲ ಕೈ."

"ಹೇಳಬಾರದೇನು?"

"ಹೇಳಿದ್ರ ಯಾರು ಕೂಸು ಕೊಡ್ತಾರಲೇ ನನ್ನ ಕಾಲ ಮ್ಯಾಲ?"

ನಾನು ತಲೆ ತಗ್ಗಿಸಿದೆ. ಆ ಗೌಡರ ಕೈ, ಆ ಬಾಯ್ಲರಿನ ಗುಯ್ಯೆಂಬ ಸದ್ದು, ಟವೆಲು ಸುತ್ತಿಕೊಂಡು ಓಡಿಬಂದ ಮೈದುನ, ಎಲ್ಲವನ್ನೂ ಹೇಳಿ ಹೇಳಿ ನಗಿಸಿದವನು ನಾನು. ಒಂದೇ ಮನೆಯಲ್ಲಿ, ಒಂದೇ ಒಲೆಯ ಅನ್ನ ಉಂಡವನು.

"ಒಂದು ಮಾತು ಕೇಳತೀನಿ, ನಡೆಸಿಕೊಡ್ತೀಯೇನು?" ಎಂದಳು. "ನಿನ್ನ ಮಗಳ ಕೂಸಿಗೆ ನೀರು ಹಾಕಿಬಿಡ್ತೀನಿ. ಅದೊಂದ. ಆಮ್ಯಾಲ ಯಾರ ಮನಿಗೂ ಹೋಗಂಗಿಲ್ಲ."

ಕೂಸು ಹುಟ್ಟಿತು, ಗಂಡು. ಹನ್ನೊಂದು ದಿನ ಕಳೆದು ಎಣ್ಣೆನೀರಿನ ಮಾತು ಬಂದಾಗ ಹೆಂಡತಿ ಅಕ್ಕನಿಗೆ ಕೇಳದಂತೆ ನನ್ನನ್ನು ಹಿತ್ತಲಿಗೆ ಕರೆದಳು. "ಅಕ್ಕಾರ ಮ್ಯಾಲ ನನಗೇನು ಸಿಟ್ಟಿಲ್ರಿ. ಆದ್ರ ಎಳೇ ಕೂಸು. ಬ್ಯಾಡ." ಬಾಗಿಲಲ್ಲಿ ನಿಂತ ಮಗಳ ಕಣ್ಣಿನಲ್ಲೂ ಅದೇ ಇತ್ತು. ಅವರದೇನು ತಪ್ಪು? ಅಕ್ಕ ಕಾಲು ನೀಡಿ ಕೂರುವ ಜಾಗಕ್ಕೂ ನನ್ನ ಹೊಸ ನಳಕ್ಕೂ ನಡುವೆ ಒಂದು ಮೊಳ ಅಂತರ. ಮೊಳಕೈ ತಗುಲಿ ನಳ ತಿರುಗಿದರೆ ನೀರು ಕೂಸಿನ ಬೆನ್ನ ಮೇಲೇ. ಅವಳಿಗೆ ಗೊತ್ತೂ ಆಗುವುದಿಲ್ಲ.

ನಾನು ಪಾನಾ ತೆಗೆದುಕೊಂಡು ಬಚ್ಚಲಿಗೆ ಹೋದೆ. ನಳ ಬಿಚ್ಚಿದೆ, ಪೈಪಿನ ಬಾಯಿಗೆ ಬಿರಡೆ ಹಾಕಿದೆ. ಮೂವತ್ತೈದು ವರ್ಷದ ಕಸುಬಿನಲ್ಲಿ ನಾನೇ ಹಾಕಿದ ಕೆಲಸವನ್ನು ನಾನೇ ಕಿತ್ತದ್ದು ಅದೊಂದೇ. ಹೊರಗೆ ಬಂದು, "ನೀರು ನಾ ಬೆರೆಸಿ ಕೊಡ್ತೀನಿ. ಅಕ್ಕ ಹಾಕ್ತಾಳ" ಎಂದೆ. ಹೆಂಡತಿ ಬಾಯ್ಲರಿಗೆ ಹಾಕಲು ಕಟ್ಟಿಗೆ ತಂದಳು.

ಆಮೇಲಿನ ದಿನಗಳಲ್ಲಿ ನಾನು ಕೆಲಸಕ್ಕೆ ಹೋದದ್ದು ಹತ್ತು ಗಂಟೆಯ ಮೇಲೆ. ಕೂಸಿಗೆ ನೀರು ಹಾಕುವ ಹೊತ್ತಿಗೆ ಬಚ್ಚಲ ಬಾಗಿಲ ಹೊರಗೆ ಕೂತು, ಬಕೀಟಿನಲ್ಲಿ ಮೊಳಕೈ ಅದ್ದಿ ಅದ್ದಿ ನೋಡಿ, ಹದ ಮಾಡಿ, ಒಳಗೆ ಸರಿಸುತ್ತಿದ್ದೆ. ಓಣಿಯವರು ಬಿಡುತ್ತಾರೆಯೇ? "ಏನ್ರಿ ಮೇಸ್ತ್ರಿ, ಬಾಣಂತನ ಕಲಿಯಾಕ ಹತ್ತೀರೇನು?" "ಹೌದ್ರಿ, ನಿಮ್ಮ ಮನಿಗೂ ಬರ್ತೀನಿ, ಮೊದಲು ಬಸುರಾಗ್ರಿ" ಎನ್ನುತ್ತಿದ್ದೆ.

ಕೂಸನ್ನು ಹೆಂಡತಿ ತಂದು ಅಕ್ಕನ ಕಾಲ ಮೇಲೆ ಮಲಗಿಸುವಳು. ಮುಗಿದ ಮೇಲೆ ಅವಳೇ ಎತ್ತಿಕೊಳ್ಳುವಳು. ಅಕ್ಕ ಮಾತ್ರ ಒಂದು ದಿನವೂ ಕೂಸನ್ನು ಕಾಲಿನಿಂದ ಮೇಲಕ್ಕೆ ಎತ್ತಲಿಲ್ಲ. ಹಿಡಿತ ಗೊತ್ತಾಗದ ಕೈ, ಎಲ್ಲಿ ಜಾರಿಬಿಡುವುದೋ ಎಂಬ ಭಯ.

ಒಂದು ದಿನ ಹೆಂಡತಿ ಲೋಬಾನದ ಕೆಂಡ ತರಲು ಹೋಗಿದ್ದಳು. ಒಳಗಿನಿಂದ ಅಕ್ಕ ಕರೆದಳು.

"ತಮ್ಮಾ, ಇಲ್ಲಿ ಬಾ."

ಹೋದೆ. ಕೂಸು ಅವಳ ಕಾಲ ಮೇಲೆ ಬೋರಲಾಗಿ ನಿದ್ದೆ ಹೋಗಿತ್ತು. ಅಕ್ಕನ ಅಂಗೈ ಅದರ ಬೆನ್ನ ಮೇಲೆ ಸುಮ್ಮನೆ ಇತ್ತು.

"ಇದರ ಮೈ ಮೆತ್ತಗ ಐತೇನೋ?"

ನಾನು ಮುಟ್ಟಿ ನೋಡಿದೆ. ಪಾನಾ ತಿರುವಿ ತಿರುವಿ ಜಡ್ಡುಗಟ್ಟಿದ ನನ್ನ ಕೈಗೆ ಏನು ತಿಳಿದೀತು? ಆದರೂ "ಮೆತ್ತಗ ಐತಕ್ಕ" ಎಂದೆ.

"ಎಷ್ಟು ಮೆತ್ತಗ? ಸರಿಯಾಗಿ ಹೇಳಲೇ."

ನಾನು ಕೂಸನ್ನು ಎರಡೂ ಕೈಯಿಂದ ಮೆಲ್ಲಗೆ ಎತ್ತಿ, ಬಾಗಿ, ಅದರ ಒದ್ದೆ ಬೆನ್ನನ್ನು ಅಕ್ಕನ ಕೆನ್ನೆಗೆ ತಾಗಿಸಿದೆ.

ಅಕ್ಕ ಅಲುಗಲಿಲ್ಲ. ಕಣ್ಣು ಮುಚ್ಚಿಕೊಂಡಳು. "ಕೂಸಿಗೆ ಥಂಡಿ ಆಗತೈತಿ, ಒರಸೋ" ಎಂದಳು. ಆದರೆ ಕೆನ್ನೆ ತೆಗೆಯಲಿಲ್ಲ.