ಗ್ಯಾರೇಜಿನ ಹೆಜ್ಜೆ

ಗ್ಯಾರೇಜಿನ ಕಾಂಕ್ರೀಟು ನೆಲ ಪುಡಿ ಉದುರಿಸತೊಡಗಿದ್ದೇ ಸತ್ತೆಪ್ಪನ ತಾಪತ್ರಯಕ್ಕೆ ಮೂಲ. ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ತೂಗುವ ಈ ಗುಮಾಸ್ತ ತೊಂಬತ್ತಮೂರರಲ್ಲಿ ಹಳೇ ಜೀಪು ಕೊಳ್ಳುವ ಹುರುಪಿನಲ್ಲಿ ಗ್ಯಾರೇಜು ಕಟ್ಟಿಸಿದ್ದ. ಮೂರು ವರ್ಷವಾದರೂ ಜೀಪು ಬರಲಿಲ್ಲ. ಹೋದ ವರ್ಷ ಹೆಂಡತಿ ಸುಂದರಾ ತೀರಿಕೊಂಡಳು. ಗ್ಯಾರೇಜಿನಲ್ಲಿ ಉಳಿದದ್ದು ಹಸಿ ಕಾಂಕ್ರೀಟಿನಲ್ಲಿ ಮೂಡಿದ ಅವಳ ಬರಿಗಾಲಿನ ಹೆಜ್ಜೆಯೊಂದೇ.

ನೆಲ ಹಾಕಿದ ದಿನ ಅದನ್ನು ಕಂಡು, ಜ್ವರದಿಂದ ಮಲಗಿದ್ದವಳನ್ನು ಓಣಿಗೆಲ್ಲ ಕೇಳುವಂತೆ ಬೈದಿದ್ದ. ಎರಡು ದಿನ ಮಾತು ಬಿಟ್ಟಿದ್ದ. ಈಗ ದಿನಾ ಅದರ ಮುಂದೆ ಕುಳಿತು, ಸೊಟ್ಟ ಕಿರಿಬೆರಳನ್ನು ಸವರಿಯೇ ಕೆಲಸಕ್ಕೆ ಹೋಗುತ್ತಿದ್ದ. ಬದುಕಿದ್ದಾಗ ಅವಳ ಕಾಲನ್ನು ಸರಿಯಾಗಿ ನೋಡಿದವನೇ ಅಲ್ಲ. ಕಸ ಹೊಡೆದಷ್ಟೂ ಹೆಜ್ಜೆ ಸವೆಯುತ್ತಿತ್ತು, ಅವನಿಗೆ ಸಂಕಟವಾಗುತ್ತಿತ್ತು.

ನಿಪ್ಪಾಣಿಯಿಂದ, ಪುಡಿ ಏಳದಂತೆ ನೆಲಕ್ಕೆ ಬಳಿಯುವ ಸೀಲರಿನ ಡಬ್ಬಿ ತಂದ. ಗೌಂಡಿಯನ್ನು ಕರೆದರೆ ಹೆಜ್ಜೆಯನ್ನೇ ಮುಚ್ಚಿಬಿಟ್ಟಾನೆಂದು ಅಮಾವಾಸ್ಯೆಯ ದಿನ ರಜೆ ಹಾಕಿ, ತಾನೇ ಬಳಿಯಲು ನಿಂತ. ಕರೆಯದಿದ್ದರೂ ನೆರೆಮನೆಯ ಕಾಮಣ್ಣ ಬಂದ.

"ಯಾವ ಗಾಡಿ ತರಾಕತ್ತೀಲೇ?"

"ಯಾವುದೂ ಇಲ್ಲ."

"ಗಾಡಿ ಇಲ್ಲದ ಗ್ಯಾರೇಜಿಗಿ ಇಷ್ಟ ಉಪಚಾರ ಯಾಕ? ಇರ್ಲಿ, ಮೊದಲ ಈ ತೆಗ್ಗ ಮುಚ್ಚಬೇಕ."

ಹೆಜ್ಜೆಯತ್ತ ಕೈ ಮಾಡಿ ಅಂದವನೇ ಮನೆಗೆ ಹೋಗಿ, ಬೋಗುಣಿಯಲ್ಲಿ ಸಿಮೆಂಟು ಕಲೆಸಿಕೊಂಡು ಬಂದ. ನಿಜ ಹೇಳಲು ಸತ್ತೆಪ್ಪನಿಗೆ ನಾಚಿಕೆ. ಹೆಜ್ಜೆಯ ಮೇಲೆ ಕುಳಿತುಬಿಟ್ಟ.

"ಏಳಲೇ."

"ಕಾಲ ನೋಯಾಕತ್ತಾವ."

"ಇಡೀ ನೆಲ ಬಿಟ್ಟ ತೆಗ್ಗಿನಾಗ ಕುಂತರ ನೋವ ಹೋಗತೈತೇನ?"

ಬೋಗುಣಿಯಲ್ಲೇ ಸಿಮೆಂಟು ಗಟ್ಟಿಯಾಗುವವರೆಗೂ ಸತ್ತೆಪ್ಪ ಏಳಲಿಲ್ಲ. ಹೆಂಡತಿಗೆ ಬೋಗುಣಿಯ ಲೆಕ್ಕ ಹೇಗೆ ಒಪ್ಪಿಸುವುದೆಂದು ಗೊಣಗುತ್ತ ಕಾಮಣ್ಣ ಹೋದ.

ಮತ್ತೆ ಬಂದಾನೆಂಬ ಅವಸರದಲ್ಲಿ ಸತ್ತೆಪ್ಪ ಬಾಗಿಲಿನಿಂದಲೇ ಬಳಿಯಲು ಶುರುಮಾಡಿದ. ಹೆಜ್ಜೆಗೆ ಮಾತ್ರ ಕೂಸಿಗೆ ಎಣ್ಣೆ ಹಚ್ಚಿದಂತೆ ಮೆಲ್ಲಗೆ ಎರಡು ಸಲ ಹಚ್ಚಿದ. ಹಿಂದೆ ಸರಿಯುತ್ತ ಬೆನ್ನಿಗೆ ಗೋಡೆ ತಾಗಿದಾಗಲೇ ತಾನು ಒಳಗೆ ಸಿಕ್ಕಿಕೊಂಡದ್ದು ತಿಳಿಯಿತು. ನಾಲ್ಕು ತಾಸು ತುಳಿಯಬಾರದೆಂದು ಅಂಗಡಿಯವನು ಹೇಳಿದ್ದ. ಇರಲಿ, ಹೆಜ್ಜೆ ಉಳಿಯಿತಲ್ಲ ಎಂದು ನಿಂತುಕೊಂಡ.

ಅಷ್ಟರಲ್ಲಿ ಎದುರುಮನೆಯ ಭೀಮಾಬಾಯಿ ಸಗಣಿ ನೀರಿನ ಬಕೀಟು ಹಿಡಿದು ಬಂದಳು. ಸುಂದರಾ ಹಾಸಿಗೆ ಹಿಡಿದಾಗಿನಿಂದ ಅಮಾವಾಸ್ಯೆಗೊಮ್ಮೆ ಇವನ ಅಂಗಳ ಸಾರಿಸುವವಳು ಅವಳೇ.

"ಕಾಲಿಡಬ್ಯಾಡ್ರಿ ಅಕ್ಕಾ."

"ಇಡಂಗಿಲ್ಲೋ ತಮ್ಮಾ. ಆವತ್ತಿನ ಅಮಾಸಿಗಿ ಇಟ್ಟದ್ದ ಸಾಕ." ಅವಳು ಹೆಜ್ಜೆಯತ್ತ ಬೆರಳು ಮಾಡಿದಳು. "ಸುಂದರಾಗ ಜ್ವರ ಅಂತ ನಾನ ಸಾರಿಸಾಕ ಬಂದಿದ್ದೆ. ಹೊಸಾ ನೆಲ, ಅಮಾಸಿ ದಿನಾ ಹಂಗ ಬಿಡಬಾರದಂತ ಒಂದ ಕಾಲ ಇಟ್ಟೆ. ಪಚಕ್ ಅಂತ."

"ಅದ ಸುಂದರಾಂದು," ಎಂದ ಸತ್ತೆಪ್ಪ.

"ನಂದಪಾ. ಈ ಕಿರಿಬಟ್ಟ ಸೊಟ್ಟ ಐತಿ, ನೋಡ." ಬಾಗಿಲಲ್ಲೇ ನಿಂತು ಕಾಲೆತ್ತಿ ತೋರಿಸಿದಳು. "ನಿನ್ನ ಸಿಟ್ಟಿಗಿ ಅಂಜಿ ಅಳಾಕತ್ತಿದ್ದೆ. 'ನಂದಂತ ಹೇಳ್ತೀನಿ, ನೀವ ಹೋಗ್ರಿ. ನನ್ನ ಬೈದ್ರ ಮನಿಯಾಗಿಂದ ಮನಿಯಾಗ ಮುಗೀತೈತಿ' ಅಂದ್ಲು. ಪಾಪ, ಮೈ ಸುಡತಿತ್ತ ಆಕೀದು."

ಜ್ವರದಲ್ಲಿದ್ದವಳು ಗ್ಯಾರೇಜಿಗೆ ಯಾಕೆ ಬಂದಳೆಂದು ಅವನು ಅಂದು ಕೇಳಿರಲಿಲ್ಲ. ಇವತ್ತು ಕೇಳಲು ಅವಳಿರಲಿಲ್ಲ. ಹೊರಗೆ ಹೋಗೋಣವೆಂದರೆ ನಡುವೆ ಹಸಿ ನೆಲ. ಗೋಡೆಯ ಕಡೆ ಮುಖ ಮಾಡಿ ಅತ್ತ.

ಮಾತು ಕೇಳಿ ಕಾಮಣ್ಣ ಮತ್ತೆ ಬಂದ. ಬಾಗಿಲಲ್ಲಿ ಬಗ್ಗಿ ನೆಲವನ್ನು ಬೆರಳಿನಿಂದ ಮುಟ್ಟಿ ನೋಡಿದ.

"ಭೇಷ್ ಹಿಡದೈತಿ ಬಿಡಪಾ. ಇನ್ನ ಇಪ್ಪತ್ತ ವರ್ಷ ಈ ಹೆಜ್ಜಿ ಅಳಸಂಗಿಲ್ಲ."