ಕಪಾಟಣ್ಣನ ಕ್ಯಾಟಲಾಗು

ಎಲ್ಲ ತೊಂದರೆಗೂ ಮೂಲ ಕಂಪ್ಯೂಟರಿನ ಪರದೆಯ ಮೇಲಿದ್ದ ಒಂದು ಖಾಲಿ ಚೌಕ. ಅದರ ಪಕ್ಕದಲ್ಲಿ ‘ವಿಷಯ’ ಎಂದು ಬರೆದಿತ್ತು. ಇತಿಹಾಸ, ವಿಜ್ಞಾನ, ಕಾದಂಬರಿ ಎಂದು ಪುಸ್ತಕಕ್ಕೊಂದು ಪದ ಹಾಕಿದ್ದರೆ ಕೆಲಸ ಮುಗಿಯುತ್ತಿತ್ತು. ಗ್ರಂಥಾಲಯದ ಕಪಾಟಣ್ಣ ಅಷ್ಟಕ್ಕೆ ನಿಲ್ಲಲಿಲ್ಲ.

ಇಪ್ಪತ್ತೆರಡು ವರ್ಷಗಳಿಂದ ಕಿಟಕಿ ಪಕ್ಕದ ಕೌಂಟರಿನಲ್ಲಿ ಕೂತಿದ್ದ ಅವನಿಗೆ ಓದುಗರು ಇಟ್ಟ ಹೆಸರು ಅದು. ಯಾವ ಪುಸ್ತಕ ಎಲ್ಲಿದೆ ಎಂಬುದು ಅವನಿಗೆ ಅಂಗೈಯ ನೆಲ್ಲಿಕಾಯಿ. ಕಂಪ್ಯೂಟರ್ ಬಂದ ದಿನವೇ ಅವನ ಎದೆ ಧಸಕ್ಕೆಂದಿತ್ತು. ಹುಡುಕಲು ಯಂತ್ರವಿದ್ದ ಮೇಲೆ ತನ್ನನ್ನು ನೆಲಮಾಳಿಗೆಗೆ ದಬ್ಬುವುದು ಖಂಡಿತ. ಅಲ್ಲಿ ಕಿಟಕಿಯಿಲ್ಲ, ಜನರಿಲ್ಲ. ಗೆದ್ದಲು ಮಾತ್ರ ಓದುತ್ತವೆ.

ಆದ್ದರಿಂದ ಕಂಪ್ಯೂಟರಿಗೆ ಪುಸ್ತಕಗಳ ಪಟ್ಟಿ ತುಂಬಿಸುವ ಕೆಲಸ ತನ್ನ ಪಾಲಿಗೆ ಬಂದಾಗ ಅವನೊಂದು ಉಪಾಯ ಮಾಡಿದ. ‘ವಿಷಯ’ದ ಚೌಕದಲ್ಲಿ ತಾನೊಬ್ಬನೇ ಬಲ್ಲ ಗುರುತುಗಳನ್ನು ಬರೆದ: ‘ಕೊನೆಗೆ ನಾಯಿ ಸಾಯುತ್ತೆ’, ‘ಹಳದಿ ರಟ್ಟು, ಚಹಾ ಕಲೆ’, ‘ಹತ್ತೇ ಪುಟಕ್ಕೆ ನಿದ್ದೆ’. ಬೀಗವೂ ತನ್ನದು, ಬೀಗದ ಕೈಯೂ ತನ್ನದು. ಇನ್ನು ಈ ಕೌಂಟರಿನಿಂದ ಯಾರು ಎಬ್ಬಿಸುತ್ತಾರೋ ನೋಡೋಣ ಎಂದುಕೊಂಡ.

ಒಂದು ದಿನ ಹನ್ನೊಂದು ಗಂಟೆಗೆ ಹೊಸ ಪಟ್ಟಿಯನ್ನು ಪರೀಕ್ಷಿಸಲು ಇಲಾಖೆಯ ಸಾಹೇಬರು ಬಂದರು. ಗ್ರಂಥಪಾಲಕಿ ಮೇಡಂ ಹೆಮ್ಮೆಯಿಂದ ‘ಇತಿಹಾಸ’ ಎಂಬ ವಿಷಯವನ್ನು ಹುಡುಕಿದರು. ಪರದೆ ಹೇಳಿತು: ಸಿಕ್ಕಿದ ಪುಸ್ತಕಗಳು, ಸೊನ್ನೆ.

“ವಿಜ್ಞಾನ ನೋಡಿ,” ಎಂದರು ಸಾಹೇಬರು.

ಅದೂ ಸೊನ್ನೆ.

“ಸ್ವಲ್ಪ ಜೋರಾಗಿ ಒತ್ತಿ ಮೇಡಂ, ಹೊಸದಲ್ವಾ, ಬಿಗಿ ಇರುತ್ತೆ,” ಎಂದು ಹರಿದ ಪುಸ್ತಕ ಕಟ್ಟುವ ಬೈಂಡರು ಅಂಟಿನ ಕೈಯಲ್ಲೇ ಓಡಿಬಂದ.

ದಿನವೂ ಪೇಪರ್ ಓದಲು ಬರುವ ನಿವೃತ್ತ ಮೇಷ್ಟ್ರು ಸುಮ್ಮನಿರುತ್ತಾರೆಯೇ? “ಒಂದ್ಸಲ ಆಫ್ ಮಾಡಿ ಆನ್ ಮಾಡಿ. ನಮ್ಮನೆ ಫ್ಯಾನಿಗೂ ಅದೇ ಮದ್ದು.”

ಆಫ್ ಆಗಿ ಆನ್ ಆದ ಕಂಪ್ಯೂಟರು ಅದೇ ಸೊನ್ನೆಯನ್ನು ಇನ್ನಷ್ಟು ಸ್ಪಷ್ಟವಾಗಿ ತೋರಿಸಿತು.

“ನಾಲ್ಕು ಸಾವಿರ ಪುಸ್ತಕ ತುಂಬಿಸಿದೀನಿ ಅಂದ್ರಲ್ರೀ! ಎಲ್ಲಿಗೆ ತುಂಬಿಸಿದ್ರಿ, ಗೋಣಿಚೀಲಕ್ಕಾ?” ಎಂದು ಮೇಡಂ ಕಪಾಟಣ್ಣನತ್ತ ತಿರುಗಿ ಹಲ್ಲು ಕಡಿದರು.

“ಎಲ್ಲಾ ಒಳಗಿದೆ ಮೇಡಂ. ಅದಕ್ಕೆ ನನ್ನ ಕೈಯೇ ಅಭ್ಯಾಸ. ಯಾವ್ದು ಬೇಕು ಹೇಳಿ, ನಾನೇ ತೆಗೆದುಕೊಡ್ತೀನಿ,” ಎಂದ ಕಪಾಟಣ್ಣ. ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ.

ಸಾಹೇಬರು ಬೇಸತ್ತು ಕಂಪ್ಯೂಟರಿನ ಮುಂದೆ ಕೂತರು. “ಚಿಕ್ಕಂದಿನಲ್ಲಿ ನಾನೊಂದು ಪುಸ್ತಕ ಓದಿದ್ದೆ ಕಣ್ರೀ. ಹೆಸರು ಮರೆತೇಹೋಗಿದೆ. ಒಂಟಿಕಣ್ಣಿನ ಬೆಕ್ಕು, ಹಡಗು ಮುಳುಗುತ್ತೆ... ಇದಂತೂ ಇದರಪ್ಪನಿಗೂ ಸಿಗಲ್ಲ ಬಿಡಿ.” ಹೇಳುತ್ತಲೇ ಅಷ್ಟನ್ನೂ ಒಂದೇ ಬೆರಳಿನಲ್ಲಿ ಕುಟ್ಟಿದರು.

ಅದೇ ಗುರುತನ್ನು ಚೌಕದಲ್ಲಿ ಬರೆದಿದ್ದ ಕಪಾಟಣ್ಣ ಪರದೆಗೆ ಅಡ್ಡ ನಿಲ್ಲಲು ಧಾವಿಸಿದ.

ಸಿಕ್ಕಿದ ಪುಸ್ತಕ, ಒಂದು. ಏಳನೆಯ ಕಪಾಟು, ಮೂರನೆಯ ಸಾಲು.

ಸಾಹೇಬರೇ ಓಡಿಹೋಗಿ ತಂದರು. ರಟ್ಟಿನ ಮೇಲಿನ ಬೆಕ್ಕನ್ನು ಕಂಡು ಅವರ ಕಣ್ಣು ಒದ್ದೆಯಾಯಿತು. ಮೇಷ್ಟ್ರು ನುಗ್ಗಿ ‘ನಿದ್ದೆ’ ಎಂದು ಒತ್ತಿದರು, ಮೂವತ್ತೆಂಟು ಸಿಕ್ಕವು. ಓದುಗರು ಸಾಲುಗಟ್ಟಿದರು. ಇಪ್ಪತ್ತೆರಡು ವರ್ಷ ಅವರು ಪುಸ್ತಕ ಕೇಳಿದ್ದೇ ಹೀಗೆ ಗುರುತು ಹೇಳಿ. ಅವರ ಬಾಯಿಂದ ಕಲಿತದ್ದನ್ನೇ ಕಪಾಟಣ್ಣ ತನ್ನ ಗುಟ್ಟು ಎಂದು ನಂಬಿದ್ದ.

“ಭೇಷ್!” ಎಂದು ಸಾಹೇಬರು ಅವನ ಬೆನ್ನು ತಟ್ಟಿದರು. “ಮೇಡಂ, ಪಟ್ಟಿಗೆ ಸೇರದ ಪುಸ್ತಕ ಇನ್ನೆಷ್ಟಿವೆ?”

“ಅರವತ್ತು ಸಾವಿರ ಸಾರ್. ಎಲ್ಲಾ ನೆಲಮಾಳಿಗೇಲಿ.”

“ಇವರನ್ನ ಈಗ್ಲೇ ಅಲ್ಲಿಗೆ ಕಳಿಸಿ.”

“ಸಾರ್, ಕೌಂಟರಿಗೆ ಯಾರು?” ಎಂದ ಕಪಾಟಣ್ಣ, ಮುಳುಗುವವನ ದನಿಯಲ್ಲಿ.

“ಇನ್ಯಾಕ್ರೀ ಯಾರಾದ್ರೂ? ನಿಮ್ಮ ತಲೇಲಿದ್ದದ್ದನ್ನೆಲ್ಲ ಇದರೊಳಗೆ ಹಾಕಿಬಿಟ್ಟಿದೀರಲ್ಲ!”

ಮಧ್ಯಾಹ್ನದ ಹೊತ್ತಿಗೆ ಕಪಾಟಣ್ಣ ನೆಲಮಾಳಿಗೆಯ ಕಂಪ್ಯೂಟರಿನ ಮುಂದಿದ್ದ. ಬೇಗ ಮುಗಿಸಿದರೆ ಬೇಗ ಮೇಲೆ ಬರಬಹುದು. ಮೊದಲ ಪುಸ್ತಕದ ಧೂಳು ಊದಿ, ಈ ಸಲ ಜಾಣನಾಗಿ ಒಂದೇ ಪದ ಒತ್ತಿದ: ‘ಇತಿಹಾಸ’.

ಗೋಡೆಯ ಫೋನು ಕಿರುಚಿತು. ಮೇಡಂ.

“ಏನ್ರೀ ಇದು, ಬರೀ ಇತಿಹಾಸ ಅಂತ? ಸಾಹೇಬ್ರು ಇಲ್ಲಿ ಮೇಲೆ ಪರದೇಲಿ ನೋಡ್ತಾ ಕೂತಿದಾರೆ. ಮೊದಲಿನ ಥರಾನೇ ಆಗ್ಬೇಕಂತೆ. ಒಂದೊಂದನ್ನೂ ಪೂರ್ತಿ ಓದಿ ಬರೀರಿ!”